ಮಾವನ ಎದೆಗೆ ಸೀರೆ ಬಿಗಿಯಬೇಡಿ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂರುವಷ್ಟು ವ್ಯವಧಾನವಿಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಬೆಳಗ್ಗೆಯಿಂದ ಗುಂಪಿನಲ್ಲಿ ಬಂದದ್ದನ್ನೆಲ್ಲ ಡ್ಯೂಟಿ ಮುಗಿಸಿ ಈಗಷ್ಟೇ ನೋಡಿದೆ. ಸುಂಟಿಕೊಪ್ಪದ ಮಾವ ಕರಿಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡಿದ್ದಾರೆ; ಆಸ್ಪತ್ರೆಯವರು ಪ್ಲಾಸ್ಟರೂ ಹಾಕದೆ, ಪಟ್ಟಿಯೂ ಕಟ್ಟದೆ, ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದಾರೆ ಎಂದು ಎಲ್ಲರಿಗೂ ಸಿಟ್ಟು. ಸೋಮವಾರಪೇಟೆಯ ಚಿಕ್ಕಮ್ಮನಂತೂ ಎಣ್ಣೆ ಹಚ್ಚಿ ಹಳೆಯ ಸೀರೆಯಲ್ಲಿ ಎದೆಯನ್ನು ಬಿಗಿಯಾಗಿ ಕಟ್ಟಿ ಎಂದಿದ್ದಾರೆ. ಚಿಕ್ಕಮ್ಮ, ಬೇಸರ ಮಾಡಿಕೊಳ್ಳಬೇಡಿ, ಅದೊಂದು ಬೇಡ. ಕಟ್ಟಿ ಆಗಿದ್ದರೆ ಮೊದಲು ಬಿಚ್ಚಿ, ಆಮೇಲೆ ಮುಂದಿನದನ್ನು ಕೇಳಿ.

ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತೇವೆ, ಏಕೆಂದರೆ ಕೈಯನ್ನು ಆರು ವಾರ ಅಲುಗಾಡಿಸದೆ ಇಡಬಹುದು. ಪಕ್ಕೆಲುಬಿಗೆ ಆ ಸವಲತ್ತು ಇಲ್ಲ. ಅದು ಅಲುಗಾಡಿದರೇ ಉಸಿರು. ದೊಡ್ಡಪ್ಪ ಆಗಾಗ ಹೇಳುತ್ತಾರಲ್ಲ, ಮನುಷ್ಯನಿಗೆ ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು ಶ್ವಾಸ ಎಂದು, ಆ ಲೆಕ್ಕ ಸರಿಯಾಗಿಯೇ ಇದೆ. ನಿಮಿಷಕ್ಕೆ 15 ಎಂದು ಹಿಡಿದರೆ ಅಷ್ಟೇ ಆಗುತ್ತದೆ. ಅಷ್ಟು ಸಲವೂ ಪಕ್ಕೆಲುಬುಗಳು ಏರಿ ಇಳಿಯಬೇಕು.

ನಮ್ಮ ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ, ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಎಲ್ಲವೂ ಹಿಂದೆ ಬೆನ್ನುಮೂಳೆಗೆ ಕೀಲು ಕೂಡಿಕೊಂಡಿವೆ. ಮುಂದೆ ಮಾತ್ರ ವ್ಯತ್ಯಾಸ. ಮೇಲಿನ ಏಳು ಜೊತೆ ಎದೆಯ ನಡುಮೂಳೆಗೆ ನೇರವಾಗಿ ಸೇರುತ್ತವೆ. ಎಂಟು, ಒಂಬತ್ತು, ಹತ್ತನೆಯವು ತಮ್ಮ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಳ್ಳುತ್ತವೆ. ಕೊನೆಯ ಎರಡು ಜೊತೆ ಮುಂದೆ ಯಾವುದಕ್ಕೂ ಸೇರದೆ ಸ್ನಾಯುಗಳ ನಡುವೆ ಮುಗಿದುಬಿಡುತ್ತವೆ. ಮೂಳೆಗೂ ಮೂಳೆಗೂ ನಡುವೆ ಆ ಮೃದ್ವಸ್ಥಿ ಇರುವುದರಿಂದಲೇ ಗೂಡು ಬಗ್ಗುತ್ತದೆ, ಹಿಗ್ಗುತ್ತದೆ.

ಉಸಿರು ಎಳೆದಾಗ ಕೆಳಗಿನ ಪಕ್ಕೆಲುಬುಗಳು ಬಕೆಟ್ಟಿನ ಹಿಡಿಯನ್ನು ಎತ್ತಿದ ಹಾಗೆ ಹೊರಕ್ಕೂ ಮೇಲಕ್ಕೂ ಏಳುತ್ತವೆ. ಎದೆ ಅಗಲವಾಗುತ್ತದೆ. ಅದೇ ಹೊತ್ತಿಗೆ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುವಿನ ಗುಮ್ಮಟ ಕೆಳಗಿಳಿಯುತ್ತದೆ. ಜಾಗ ದೊಡ್ಡದಾಯಿತು, ಗಾಳಿ ತಾನಾಗಿ ಒಳಗೆ ಬಂತು. ಶ್ವಾಸಕೋಶಕ್ಕೆ ತನ್ನದೇ ಸ್ನಾಯುಬಲದಿಂದ ಹಿಗ್ಗಲು ಬರುವುದಿಲ್ಲ, ಇದನ್ನು ಬಹಳ ಜನ ತಿಳಿದಿಲ್ಲ. ಅದರ ಮೇಲೊಂದು ತೆಳು ಪೊರೆ, ಎದೆಗೋಡೆಯ ಒಳಮೈಗೆ ಇನ್ನೊಂದು, ನಡುವೆ ಒಂದಿಷ್ಟು ದ್ರವ. ಹೀಗಾಗಿ ಎದೆಗೋಡೆ ಎತ್ತ ಹೋದರೆ ಶ್ವಾಸಕೋಶವೂ ಅತ್ತ. ಈಗ ಹೇಳಿ, ಸೀರೆ ಬಿಗಿದರೆ ಏನಾಗುತ್ತದೆ?

ಸುಮ್ಮನೆ ಕುಳಿತಾಗ ನಾವು ಒಂದು ಉಸಿರಿಗೆ ಎಳೆಯುವುದು ಅರ್ಧ ಲೀಟರ್ ಗಾಳಿ. ಶ್ವಾಸಕೋಶ ಪೂರ್ತಿ ತುಂಬಿದರೆ ಸುಮಾರು ಆರು ಲೀಟರ್. ಆಗಾಗ ನಿಟ್ಟುಸಿರು, ಆಕಳಿಕೆ, ಕೆಮ್ಮು ಬರುವುದರಿಂದ ಬುಡದ ಭಾಗಗಳೂ ತೆರೆದುಕೊಂಡಿರುತ್ತವೆ. ನೋವಿಗೆ ಹೆದರಿಯೋ, ಸೀರೆಯ ಬಿಗಿತಕ್ಕೋ ಮಾವ ಮೇಲುಮೇಲಿನ ಉಸಿರೇ ಆಡುತ್ತಾ ಕುಳಿತರೆ ಬುಡದ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ, ಕಫ ಅಲ್ಲೇ ನಿಲ್ಲುತ್ತದೆ, ಅದರಲ್ಲಿ ಸೋಂಕು ಹುಟ್ಟಿದರೆ ನ್ಯುಮೋನಿಯಾ. ಮುರಿದ ಮೂಳೆ ಆರೇಳು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಅರುವತ್ತೈದು ದಾಟಿದವರಲ್ಲಿ ನಮ್ಮ ವಾರ್ಡಿನವರು ಹೆದರುವುದು ಮೂಳೆಗಲ್ಲ, ಈ ಕಫಕ್ಕೆ. ಹಿಂದೆ ವೈದ್ಯರೇ ಎದೆಗೆ ಪಟ್ಟಿ ಸುತ್ತುತ್ತಿದ್ದರು, ಚಿಕ್ಕಮ್ಮ ಅದನ್ನೇ ನೋಡಿರಬೇಕು. ಈ ಕಾರಣಕ್ಕೇ ಅದನ್ನು ಬಿಟ್ಟರು.

ಗುಂಪಿಗೆ ಎಕ್ಸ್-ರೇ ಚಿತ್ರ ಹಾಕಿದ ಕುಶಾಲನಗರದ ಭಾವನಿಗೆ ಒಂದು ಮಾತು. ಬಲಗಡೆ ಮುರಿದಿದೆ ಎಂದು ನೀವು ಬರೆದಿದ್ದೀರಿ. ಎಕ್ಸ್-ರೇ ನೋಡುವುದೆಂದರೆ ರೋಗಿ ನಮ್ಮ ಎದುರಿಗೆ ಮುಖ ಮಾಡಿ ನಿಂತ ಹಾಗೆ. ಚಿತ್ರದ ಬಲಬದಿ ಮಾವನ ಎಡಬದಿ. ಮೂಲೆಯಲ್ಲಿ ಎಡ ಎಂದು ತೋರಿಸುವ ಎಲ್ ಅಕ್ಷರವೂ ಕಾಣುತ್ತಿದೆ. ಮುರಿದಿರುವುದು ಎಡಗಡೆಯ ಎಂಟು ಮತ್ತು ಒಂಬತ್ತನೆಯದು. ಎಣಿಸುವುದು ಹೇಗೆ ಎಂದು ಮಕ್ಕಳು ಕೇಳಿದ್ದರು: ಕೊರಳಿನ ಕೆಳಗಿನ ಗುಳಿಯಲ್ಲಿ ಬೆರಳಿಟ್ಟು ನಡುಮೂಳೆಯ ಮೇಲೆ ಮೆಲ್ಲಗೆ ಕೆಳಕ್ಕೆ ಜಾರಿಸಿ. ನಾಲ್ಕೈದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಅಡ್ಡವಾಗಿ ಒಂದು ಸಣ್ಣ ಏಣು ಸಿಗುತ್ತದೆ. ಅದರ ಪಕ್ಕಕ್ಕೆ ಸೇರಿರುವುದು ಎರಡನೆಯ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಮರೆಯಲ್ಲಿರುವುದರಿಂದ ಎಣಿಕೆ ಯಾವಾಗಲೂ ಅಲ್ಲಿಂದಲೇ ಶುರು. ಹೆಚ್ಚುಕಡಿಮೆ ಆ ಏಣಿನ ಮಟ್ಟದಲ್ಲೇ, ಒಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಹೆಚ್ಚು ಅಗಲ, ಹೆಚ್ಚು ನೇರ. ಪುಟ್ಟ ಮಕ್ಕಳ ಉಸಿರುದಾರಿಗೆ ಕಡಲೆಬೀಜ ಜಾರಿದರೆ ಸಾಮಾನ್ಯವಾಗಿ ಬಲಕ್ಕೇ ಹೋಗುವುದು ಅದಕ್ಕೆ. ಇದು ಮಾವನಿಗೆ ಸಂಬಂಧವಿಲ್ಲ, ಮಗು ಇರುವ ಮನೆಯವರು ನೆನಪಿಟ್ಟುಕೊಳ್ಳಿ.

ಎದೆಗೆ ಪೆಟ್ಟಾದರೆ ಹೊಟ್ಟೆಯ ಸ್ಕ್ಯಾನಿಂಗ್ ಏಕೆ, ದುಡ್ಡು ಕೀಳಲು ಅಲ್ಲವೇ ಎಂದು ಮೈಸೂರಿನ ತಮ್ಮ ಕೇಳಿದ್ದಾನೆ. ಅಲ್ಲ ಮಾರಾಯ. ಉಸಿರು ಪೂರ್ತಿ ಬಿಟ್ಟಾಗ ವಪೆಯ ಗುಮ್ಮಟ ಸುಮಾರು ಮೊಲೆತೊಟ್ಟಿನ ಮಟ್ಟದವರೆಗೆ ಏರುತ್ತದೆ. ಹಾಗಾಗಿ ಹೊಟ್ಟೆಯ ಅಂಗಗಳೆಂದು ನಾವು ತಿಳಿದಿರುವ ಕೆಲವು ಪಕ್ಕೆಲುಬಿನ ಗೂಡಿನೊಳಗೇ ಇವೆ. ಬಲಕ್ಕೆ ಯಕೃತ್ತು, ಎಡಕ್ಕೆ ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್. ಗುಲ್ಮ ಬಹಳ ಮೆತ್ತಗಿನ ಅಂಗ, ಸೀಳಿದರೆ ಒಳಗೊಳಗೇ ರಕ್ತ ಸುರಿಯುತ್ತದೆ. ಒಂಬತ್ತನೆಯದು ಮುರಿದಿದೆ ಎಂದಮೇಲೆ ನೋಡದೆ ಕಳಿಸಿದ್ದರೆ ನಾನೇ ಜಗಳಕ್ಕೆ ಹೋಗುತ್ತಿದ್ದೆ.

ಇನ್ನು ಉಸಿರಿನ ವ್ಯಾಯಾಮಕ್ಕೆಂದು ಕೊಟ್ಟಿರುವ, ಮೂರು ಚೆಂಡಿನ ಆ ಡಬ್ಬಿ. ಮಾವ ಕೆನ್ನೆ ಉಬ್ಬಿಸಿಕೊಂಡು ಊದುತ್ತಿರುವ ವಿಡಿಯೊ ನೋಡಿ ನಗು ಬಂತು, ಕ್ಷಮಿಸಿ. ಡಬ್ಬಿ ಕೆಟ್ಟಿಲ್ಲ ಅತ್ತೆ. ಅದನ್ನು ಊದುವುದಲ್ಲ, ಎಳೆಯುವುದು. ಬೆನ್ನು ನೇರ ಮಾಡಿ ಕೂರಿಸಿ, ಮೊದಲು ಉಸಿರು ಬಿಡಲಿ, ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆಯಲಿ. ಡಬ್ಬಿಯ ಮೇಲೆ 600, 900, 1200 ಎಂದು ಬರೆದಿರುತ್ತದೆ, ಸೆಕೆಂಡಿಗೆ ಅಷ್ಟು ಮಿಲಿಲೀಟರ್ ವೇಗದಲ್ಲಿ ಎಳೆದರೆ ಆಯಾ ಚೆಂಡು ಏಳುತ್ತದೆ ಎಂದರ್ಥ. ಮೊದಲ ದಿನವೇ ಮೂರನ್ನೂ ಎತ್ತುವ ಹಟ ಬೇಡ. ಒಂದೇ ಚೆಂಡು ಎದ್ದರೂ ಸಾಕು, ಮೂರು ಸೆಕೆಂಡು ಹಿಡಿದಿಟ್ಟು ಬಿಡಲಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಕೆಮ್ಮು ಬಂದರೆ ತಡೆಯಬಾರದು. ಮುರಿದ ಜಾಗಕ್ಕೆ ದಿಂಬು ಒತ್ತಿಕೊಂಡು ಕೆಮ್ಮಲಿ.

ನೋವಿನ ಮಾತ್ರೆ ಬಿಟ್ಟು ಗಟ್ಟಿಗತನ ತೋರಿಸುತ್ತಿದ್ದಾರಂತೆ. ಪ್ರತಿ ಪಕ್ಕೆಲುಬಿನ ಕೆಳಅಂಚಿಗೆ ಒಂದು ತೋಡು ಇದೆ, ಅದರಲ್ಲಿ ರಕ್ತನಾಳಗಳ ಜೊತೆ ಒಂದು ನರವೂ ಹಾದುಹೋಗುತ್ತದೆ. ಮುರಿದ ತುದಿ ಅಲುಗಿದಾಗಲೆಲ್ಲ ಆ ನರ ಕೆರಳುತ್ತದೆ. ಮಾತ್ರೆ ಕೊಟ್ಟಿರುವುದು ಸುಖವಾಗಿ ಮಲಗಲು ಮಾತ್ರವಲ್ಲ, ಧೈರ್ಯವಾಗಿ ಉಸಿರೆಳೆಯಲು. ಹೊತ್ತು ಹೊತ್ತಿಗೆ ಕೊಡಿ, ಅರ್ಧ ಗಂಟೆ ಬಿಟ್ಟು ಡಬ್ಬಿ ಕೈಗೆ ಕೊಡಿ. ಬೀಡಿ ಕಟ್ಟು ಅಟ್ಟದ ಮೇಲೆ ಇದೆ ಎಂದು ನನಗೆ ಗೊತ್ತು, ಅತ್ತೆ, ಅದನ್ನು ಒಲೆಗೆ ಹಾಕಿಬಿಡಿ.

ಉಸಿರಾಡಲು ಕಷ್ಟವಾದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ತಲೆ ಸುತ್ತಿ ಬೆವರಿದರೆ, ಹೊಟ್ಟೆ ನೋವಿನ ಜೊತೆಗೆ ಎಡಭುಜವೂ ನೋಯಲು ಶುರುವಾದರೆ ಇಲ್ಲಿ ಸಂದೇಶ ಹಾಕಿ ಉತ್ತರಕ್ಕೆ ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ, ನೇರವಾಗಿ ಮಡಿಕೇರಿಗೆ ಕರೆತನ್ನಿ. ಹೊರಟಮೇಲೆ ದಾರಿಯಿಂದ ನನಗೊಂದು ಫೋನ್ ಮಾಡಿದರೆ ಸಾಕು.