ಹೊಸ ಬ್ಯಾಟರಿ ಹಾಕಿಸಿದರೂ ಬೆಳಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಡೈನಮೋ ಹೋಗಿದೆಯಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮನೆ ತೀರ್ಥಹಳ್ಳಿ ಹತ್ತಿರ. ಕಾರು 2013ರ ಸಣ್ಣ ಡೀಸೆಲ್. ಮಳೆ ಹಿಡಿದ ಮೇಲೆ ಬೆಳಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ಸೋಮಾರಿಯಂತೆ ತಿರುಗುತ್ತಿತ್ತು. ಬ್ಯಾಟರಿ ಹಳೆಯದಾಗಿತ್ತು, ಹೊಸದು ಹಾಕಿಸಿದೆ. ಸ್ವಲ್ಪ ದಿನ ಸರಿಯಿತ್ತು, ಈಗ ಮತ್ತೆ ಟಕ್ ಟಕ್ ಸದ್ದು ಅಷ್ಟೇ. ಪಕ್ಕದ ಮನೆಯವರ ಜೀಪಿನ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಓಡುವಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟ್ ಬರುವುದಿಲ್ಲ. ಎಲೆಕ್ಟ್ರಿಷಿಯನ್ ಬಾನೆಟ್ ಕೂಡ ಎತ್ತದೆ 'ಡೈನಮೋ ಚೇಂಜ್ ಮಾಡಿ' ಅಂದರು (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್). ಸುಮ್ನೆ ದುಡ್ಡು ಸುರಿಯುವ ಮುಂಚೆ ಕೇಳೋಣ ಅನ್ನಿಸಿತು.

ಹಳೇಸ್ಪ್ಯಾನರ್:
ಏನನ್ನೂ ಬದಲಾಯಿಸಬೇಡಿ ಮಾರಾಯ್ರೆ, ಮೊದಲು ಅಳೆಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟಿಗೆ ಇಡಿ.

ಬೆಳಗ್ಗೆ ಕೀ ಹಾಕುವ ಮುಂಚೆ ಬ್ಯಾಟರಿ ನೋಡಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ ಅಂತಲೇ ತಿಳಿಯಿರಿ. ಆಮೇಲೆ ಇಂಜಿನ್ ಓಡಿಸಿ, ಹೆಡ್‌ಲೈಟ್ ಹೈ ಬೀಮ್, ಬ್ಲೋಯರ್ ಫುಲ್, ಆಕ್ಸಿಲರೇಟರ್ ಸ್ವಲ್ಪ ಒತ್ತಿ 2000 ಆರ್‌ಪಿಎಂ ಹತ್ತಿರ ಹಿಡಿದು ಮತ್ತೆ ನೋಡಿ. 13.8ರಿಂದ 14.5ರೊಳಗೆ ಇರಬೇಕು. 15 ದಾಟಿದರೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಅಂತ ಅರ್ಥ.

ಇನ್ನೊಂದು ಮಾತು. ಓಡುವ ಇಂಜಿನ್‌ನಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿ 'ಟೆಸ್ಟ್' ಮಾಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಮೇಲೆ ಚಿಮ್ಮಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ಕೊಡಗುಕಾಫಿ:
ರಾತ್ರಿ ಕರೆಂಟ್ ಸೋರುತ್ತಿರಬಹುದು ಅಲ್ವಾ? ನನ್ನ ಗಾಡಿಯಲ್ಲಿ ಹೊರಗಡೆ ಹಾಕಿಸಿದ ಸ್ಟೀರಿಯೋ ಬ್ಯಾಟರಿ ಕುಡಿಯುತ್ತಿತ್ತು. ನೆಗೆಟಿವ್ ಕೇಬಲ್ ಬಿಚ್ಚಿ, ಮಧ್ಯದಲ್ಲಿ ಮೀಟರನ್ನು 10 ಆಂಪ್ ರೇಂಜಿನಲ್ಲಿ ಸೇರಿಸಿ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದಕ್ಕೆ ಇಳಿಯುತ್ತದೋ ಅದೇ ಕಳ್ಳ. ಮೀಟರ್ ಹಾಗೇ ಇರುವಾಗ ಮರೆತು ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ತುಂಗಾತೀರ:
ಎರಡೂ ಮಾಡಿದೆ. ಸೋರಿಕೆ 30 ಮಿಲಿಆಂಪ್ ಇದೆ. ಬೆಳಗ್ಗೆ ಬ್ಯಾಟರಿ 12.1. ಇಂಜಿನ್ ಓಡುವಾಗ 13.6, ಲೈಟು ಬ್ಲೋಯರ್ ಹಾಕಿದರೆ 12.9ಕ್ಕೆ ಇಳಿಯುತ್ತದೆ.

ಟರ್ಬೋಭಟ್ಟ:
ಮುಗೀತಲ್ಲ. 12.9 ಅಂದರೆ ಚಾರ್ಜೇ ಆಗುತ್ತಿಲ್ಲ. ಎಲೆಕ್ಟ್ರಿಷಿಯನ್ ಹೇಳಿದ್ದೇ ಸರಿ, ಡೈನಮೋ ಇಳಿಸಿ. ಡಯೋಡ್ ಇಲ್ಲವೇ ಕಾರ್ಬನ್ ಬ್ರಷ್ ಹೋಗಿರುತ್ತದೆ.

ಹಳೇಸ್ಪ್ಯಾನರ್:
ಭಟ್ಟರೇ, ಸ್ವಲ್ಪ ತಾಳಿ. ಬ್ಯಾಟರಿಯ ಹತ್ತಿರ 12.9 ಇದೆ ಅಂತ ಗೊತ್ತಾಯಿತು. ಡೈನಮೋ ಹತ್ತಿರ ಎಷ್ಟಿದೆ ಅಂತ ಯಾರೂ ನೋಡಿಲ್ಲ. ನೀರು ಬಂದಿಲ್ಲ ಅಂದರೆ ಪಂಪೇ ಕೆಟ್ಟಿರಬೇಕೆಂದಿಲ್ಲ, ಪೈಪೂ ಒಡೆದಿರಬಹುದು.

ತುಂಗಾತೀರ, ಅದೇ ಲೋಡ್ (ಲೈಟು, ಬ್ಲೋಯರ್) ಇಟ್ಟುಕೊಂಡು ಮೂರು ಕಡೆ ಅಳೆಯಿರಿ. ಡೈನಮೋ ಹಿಂದೆ ರಬ್ಬರ್ ಟೋಪಿಯ ಕೆಳಗಿರುವ ದಪ್ಪ ವೈರಿನ ಬೋಲ್ಟು ಮತ್ತು ಡೈನಮೋ ಬಾಡಿ, ಇವೆರಡರ ನಡುವೆ ಒಂದು. ಆ ಬೋಲ್ಟು ಮತ್ತು ಬ್ಯಾಟರಿ ಪ್ಲಸ್ ನಡುವೆ ಇನ್ನೊಂದು. ಡೈನಮೋ ಬಾಡಿ ಮತ್ತು ಬ್ಯಾಟರಿ ಮೈನಸ್ ನಡುವೆ ಮತ್ತೊಂದು. ಅಂಗಿಯ ತೋಳು, ಮೀಟರ್ ವೈರು ಬೆಲ್ಟಿಗೆ ತಾಗದಂತೆ ನೋಡಿಕೊಳ್ಳಿ. ಆ ಬೋಲ್ಟಿಗೆ ನೇರ ಬ್ಯಾಟರಿ ಸಪ್ಲೈ ಇರುತ್ತದೆ, ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ಅಂದಹಾಗೆ, ಜಂಪ್ ಕೊಡುವಾಗ ಕಪ್ಪು ಕ್ಲಿಪ್ಪನ್ನು ಎಲ್ಲಿ ಹಾಕುತ್ತೀರಿ?

ತುಂಗಾತೀರ:
ಡೈನಮೋದಲ್ಲೇ 14.1 ಇದೆ! ಪ್ಲಸ್ ಕಡೆ 0.2, ಮೈನಸ್ ಕಡೆ 1.0. ಕಪ್ಪು ಕ್ಲಿಪ್ಪನ್ನು ಇಂಜಿನ್ನಿನ ಕಬ್ಬಿಣಕ್ಕೆ ಹಾಕುತ್ತೇವೆ.

ಹಳೇಸ್ಪ್ಯಾನರ್:
ಸಿಕ್ಕಿತು. ನಿಮ್ಮ ಡೈನಮೋ ಗಟ್ಟಿಯಾಗಿದೆ. ಇಂಜಿನ್ನಿನಿಂದ ಗಾಡಿಯ ಬಾಡಿಗೆ ಬರುವ ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ಕೆಟ್ಟಿದೆ. ಮೈನಸ್ ಕಡೆ 0.2ಕ್ಕಿಂತ ಜಾಸ್ತಿ ಇರಬಾರದು, ನಿಮ್ಮಲ್ಲಿ ಪೂರ್ತಿ 1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಸ್ಟಾರ್ಟರ್ ಮೋಟರಿನ ಕರೆಂಟೂ ಅದೇ ದಾರಿಯಲ್ಲಿ ವಾಪಸ್ ಬರಬೇಕು, ಅದು ನೂರು ಆಂಪ್ ಮೀರುತ್ತದೆ. ಅದಕ್ಕೇ ಟಕ್ ಟಕ್. ಜಂಪ್ ಕೊಟ್ಟಾಗ ಸ್ಟಾರ್ಟ್ ಆಗಲು ಜೀಪಿನ ಬ್ಯಾಟರಿ ಒಂದೇ ಕಾರಣವಲ್ಲ, ಕ್ಲಿಪ್ಪು ಇಂಜಿನ್ನಿಗೇ ಹೊಸ ಅರ್ತ್ ಕೊಡುತ್ತಿತ್ತು. ಬ್ಯಾಟರಿ ಲೈಟ್ ಬರದಿರುವುದಕ್ಕೂ ಇದೇ ಉತ್ತರ, ಡೈನಮೋ ತನ್ನ ಕೆಲಸ ಮಾಡುತ್ತಲೇ ಇದೆಯಲ್ಲ.

ಬ್ಯಾಟರಿ ಮೈನಸ್ ಮೊದಲು ಬಿಚ್ಚಿ. ಗೇರ್‌ಬಾಕ್ಸ್ ಹತ್ತಿರದ ಹೆಣೆದ ತಂತಿಯ ಪಟ್ಟಿ ಹುಡುಕಿ, ಅದೇ ಆ ಅರ್ತ್, ಎರಡೂ ತುದಿ ಬಿಚ್ಚಿ ನೋಡಿ.

ತುಂಗಾತೀರ:
ಪಟ್ಟಿಯ ತುದಿಯ ಲಗ್ (ಬೋಲ್ಟು ಕೂರುವ ಲೋಹದ ಬಳೆ) ಒಳಗೆಲ್ಲ ಹಸಿರು ಪುಡಿ. ಕೈಯಲ್ಲಿ ಎಳೆದರೆ ಎಳೆಗಳು ಉದುರಿದವು. ಮೇಲಿಂದ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹೊಸ ಪಟ್ಟಿ ಹಾಕಿ, ಕೂರುವ ಜಾಗದ ಬಣ್ಣ, ತುಕ್ಕು ಉಜ್ಜಿ ತೆಗೆದು, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿದೆ. ಈಗ ಲೋಡ್ ಹಾಕಿದರೂ ಬ್ಯಾಟರಿಯಲ್ಲಿ 13.9. ಸೆಲ್ಫ್ ಗರ್ರನೆ ತಿರುಗುತ್ತದೆ.

ಟರ್ಬೋಭಟ್ಟ:
ಭೇಷ್. ಆದರೆ ಹೊಸ ಗಾಡಿಯವರು ಈ ಅಂಕಿಗಳನ್ನು ಹಾಗೇ ನಂಬಬೇಡಿ. ಕೆಲವದರಲ್ಲಿ ಇಸಿಯು ಬೇಕೆಂದೇ ಚಾರ್ಜಿಂಗ್ ಇಳಿಸುತ್ತದೆ, ಬ್ಯಾಟರಿ ತುಂಬಿದ್ದಾಗ 13ಕ್ಕಿಂತ ಕೆಳಗೂ ಕಾಣಬಹುದು.

ಹಳೇಸ್ಪ್ಯಾನರ್:
ಹೌದು. ತುಂಗಾತೀರ, ನಿಮ್ಮ ಬ್ಯಾಟರಿ ಇಷ್ಟು ದಿನ ಅರೆಹೊಟ್ಟೆಯಲ್ಲಿತ್ತು. ಪೇಟೆಗೆ ಹೋಗಿಬರುವ ಸಣ್ಣ ಓಡಾಟದಲ್ಲಿ ಅದು ತುಂಬುವುದಿಲ್ಲ. ಒಮ್ಮೆ ಹೊರಗಿನ ಚಾರ್ಜರಿನಲ್ಲಿ 4 ಆಂಪಿಗೆ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡಿ, ಗಾಳಿಯಾಡುವ ಜಾಗದಲ್ಲಿ. ಒಂದು ದಿನ ಸುಮ್ಮನೆ ಬಿಟ್ಟು ಅಳೆಯಿರಿ. 12.6ರ ಆಸುಪಾಸು ನಿಂತರೆ ಸರಿ. 12.3ಕ್ಕೆ ಇಳಿದಿದ್ದರೆ ವಾರಂಟಿ ಕಾರ್ಡ್ ತೆಗೆದುಕೊಂಡು ಬ್ಯಾಟರಿ ಅಂಗಡಿಗೆ ಹೋಗಿ ಲೋಡ್ ಟೆಸ್ಟ್ ಕೇಳಿ.