ಪದಚರ್ಚೆ: ಕಾರ್ಡ್ ಆಟದ ‘ಮೆಟಾ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಟ್ರೇಡಿಂಗ್ ಕಾರ್ಡ್ ಪಂದ್ಯಗಳ (ಎಲೆಗಳನ್ನು ಕೂಡಿಸಿಕೊಂಡು ಅವರವರೇ ಕಟ್ಟು ಮಾಡಿ ಆಡುವ ಆಟಗಳ) ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. 1993ರಲ್ಲಿ ಬಂದ ಮ್ಯಾಜಿಕ್: ದ ಗ್ಯಾದರಿಂಗ್, ಆಮೇಲಿನ ಪೋಕೆಮಾನ್, ಯು-ಗಿ-ಓ ಇಂಥವು. ಬೇಕಾದ ಪದಗಳಲ್ಲಿ ಅರ್ಧ ಇಸ್ಪೀಟಿನಿಂದಲೇ ಸಿಕ್ಕವು. ಡೆಕ್‌ಗೆ ಕಟ್ಟು, ಕಾರ್ಡಿಗೆ ಎಲೆ, ಶಫಲ್‌ಗೆ ಕಲಸುವುದು. ಸಿಕ್ಕಿಬಿದ್ದಿರುವುದು ‘ಮೆಟಾ’ದಲ್ಲಿ. ಅಂದರೆ ಸದ್ಯ ಜನ ಯಾವ್ಯಾವ ಕಟ್ಟು ತರುತ್ತಿದ್ದಾರೆ, ಯಾವುದು ಗೆಲ್ಲುತ್ತಿದೆ ಅನ್ನುವ ಒಟ್ಟು ಸ್ಥಿತಿ.

ತಂತ್ರ ಅಂದರೆ ಸಾಲದಾ? ಸಾಲದು. ಮ್ಯಾಜಿಕ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ 60 ಎಲೆಯ ಕಟ್ಟನ್ನು ಮೊದಲೇ ಕಟ್ಟಿಕೊಂಡು ಬರಬೇಕು. ಎದುರಿಗೆ ಯಾರು ಕೂರುತ್ತಾರೋ ಗೊತ್ತಿರುವುದಿಲ್ಲ. ಹಾಗಾಗಿ ಉಳಿದವರು ಏನು ತರಬಹುದು ಅಂತ ಲೆಕ್ಕ ಹಾಕಬೇಕು. ಎಲ್ಲರೂ ಬೇಗ ಮೇಲೆ ಬೀಳುವ ಕಟ್ಟು ತರುತ್ತಾರೆ ಅನ್ನಿಸಿದರೆ, ಅವುಗಳಲ್ಲಿನ ಸಣ್ಣ ಜೀವಿಗಳ ಎಲೆಗಳನ್ನು ಆಟದೊಳಗಿನ ಕಡಿಮೆ ಖರ್ಚಿನಲ್ಲೇ ಕೊಲ್ಲುವ ಎಲೆಗಳನ್ನು ಜಾಸ್ತಿ ಸೇರಿಸುತ್ತೀರಿ. ಆ ಕಟ್ಟು ಗೆದ್ದರೆ ಅದರ ಎಲೆಗಳ ಪಟ್ಟಿ ಹೊರಬೀಳುತ್ತದೆ, ಜನ ನಕಲು ಮಾಡುತ್ತಾರೆ, ಮುಂದಿನ ಪಂದ್ಯದಲ್ಲಿ ಬೇಗದ ಕಟ್ಟುಗಳು ನೆಲ ಕಚ್ಚುತ್ತವೆ. ನಿಯಮ ಬದಲಾಗಿಲ್ಲ, ಎಲೆಗಳೂ ಅವೇ. ಆದರೂ ಮೊನ್ನೆ ಗೆದ್ದ ಕಟ್ಟು ಇವತ್ತು ಸೋಲುತ್ತದೆ. ಇದನ್ನೇ ಆಟಗಾರರು ‘ಮೆಟಾ ಬದಲಾಯ್ತು’ ಅನ್ನುವುದು. ಆಮೇಲೆ ಕಟ್ಟಿನೊಳಗೆ ಬದಲಾಯಿಸಿಕೊಳ್ಳಲು ಪಕ್ಕಕ್ಕಿಟ್ಟುಕೊಳ್ಳುವ 15 ಎಲೆಗಳಂತೂ ಪೂರ್ತಿ ಈ ಊಹೆಯ ಮೇಲೆಯೇ ನಿಂತಿವೆ. ಅವು ಅದೇ ಎದುರಾಳಿಯ ಜೊತೆಗಿನ ಎರಡನೇ ಆಟದಿಂದ ಮಾತ್ರ ಒಳಗೆ ಬರುತ್ತವೆ.

ಅಂದಹಾಗೆ, ಮೆಟಾ ಅಂದರೆ ‘ಮೋಸ್ಟ್ ಎಫೆಕ್ಟಿವ್ ಟ್ಯಾಕ್ಟಿಕ್ಸ್ ಅವೈಲಬಲ್’ ಎಂಬುದರ ಮೊದಲಕ್ಷರಗಳು ಅಂತ ತುಂಬಾ ಜನ ನಂಬಿದ್ದಾರೆ. ಅದು ಆಮೇಲೆ ಸುಮ್ನೆ ಹೊಂದಿಸಿದ್ದು. ಪದ ಬಂದಿರುವುದು ‘ಮೆಟಾಗೇಮ್’ನಿಂದ, ಅದರ ಮೊದಲ ತುಂಡು ‘ಮೆಟಾ’ ಗ್ರೀಕಿನದು, ‘ಆಚೆಗಿನ’ ಅನ್ನುವ ಅರ್ಥದ್ದು. ಗ್ರೀಕನ್ನು ಹಿಡಿದು ‘ಅತಿಕ್ರೀಡೆ’ ಅಂತ ಮಾಡಿದರೆ ಯಾರೋ ಊಟ ಬಿಟ್ಟು ಆಡುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ?

ನನ್ನ ತಲೆಗೆ ಬಂದವು ಎರಡು. ಒಂದು ‘ಚಾಲ್ತಿ’. ‘ಆ ಕಟ್ಟು ಈಗ ಮೆಟಾ’ ಅನ್ನುವ ಕಡೆ ‘ಆ ಕಟ್ಟು ಈಗ ಚಾಲ್ತಿಯಲ್ಲಿದೆ’ ಚೆನ್ನಾಗಿ ಕೂರುತ್ತದೆ. ಆದರೆ ‘ಮೆಟಾ ಓದುವುದು’ ಅನ್ನಬೇಕಾದಾಗ ಚಾಲ್ತಿ ಕೈಕೊಡುತ್ತದೆ. ಇನ್ನೊಂದು ‘ಗಾಳಿ’. ‘ಗಾಳಿ ನೋಡಿ ಕಟ್ಟು ಕಟ್ಟಿದ’, ‘ಆ ಎಲೆಯನ್ನು ನಿಷೇಧಿಸಿದ ಮೇಲೆ ಗಾಳಿ ತಿರುಗಿತು’. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಇರುವುದರಿಂದ ವಿವರಣೆ ಬೇಕಾಗುವುದಿಲ್ಲ. ನನಗೆ ಇದೇ ಇಷ್ಟ. ತೊಡಕು ಒಂದೇ: ಗಾಳಿ ತಾನಾಗಿ ಬೀಸುತ್ತದೆ, ಮೆಟಾವನ್ನು ಆಡುವವರೇ ಸೇರಿ ಮಾಡುತ್ತಾರೆ. ಆ ಅರ್ಥವೂ ಒಳಗೆ ಬರುವ ಪದ ಯಾರಿಗಾದರೂ ಹೊಳೆಯುತ್ತದಾ? ಇಲ್ಲದಿದ್ದರೆ ‘ಮೆಟಾ’ವನ್ನೇ ಇಟ್ಟುಕೊಂಡು ಮೊದಲ ಸಲ ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಜೊತೆಗೆ ಒಂದು ಸಣ್ಣದು. ಮೊದಲು ಬಂದ 7 ಎಲೆ ಹಿಡಿಸದೆ ವಾಪಸ್ ಕಲಸಿ ಮತ್ತೆ ಎತ್ತುವುದಕ್ಕೆ ಮುಲಿಗನ್ ಅನ್ನುತ್ತಾರೆ. ‘ಕೈ ಮರಳಿಸುವುದು’ ಅಂದರೆ ನಡೆಯುತ್ತದಾ?