ಗಿಟಾರಿನ ಪಿಕ್‌ಗಾರ್ಡ್ ಹಪ್ಪಳದಂತೆ ಎದ್ದಿದೆ, ಹೊಸದನ್ನು ನಾನೇ ಮಾಡಬಹುದಾ?

ಪ್ರಶ್ನೆ (ಧಾರವಾಡ, ಸಪ್ತಾಪುರ): ನಮಸ್ಕಾರ ರೀ. ನಮ್ಮ ಸೋದರಮಾವ ಕಾಲೇಜಿನಲ್ಲಿದ್ದಾಗ ನುಡಿಸುತ್ತಿದ್ದ ಅಕೌಸ್ಟಿಕ್ ಗಿಟಾರ್ ಈಗ ನನ್ನ ಪಾಲಿಗೆ ಬಂದಿದೆ. ಇಪ್ಪತ್ತೈದು ವರ್ಷ ಹಳೆಯದು. ನಾದ ಚೆನ್ನಾಗಿದೆ. ಆದರೆ ಸೌಂಡ್‌ಹೋಲ್ (ನಡುವಿನ ದುಂಡು ತೂತು) ಪಕ್ಕ, ತಂತಿ ಮೀಟುವ ಪಿಕ್ ತಾಗಿ ಗೀರು ಬೀಳದಿರಲಿ ಅಂತ ಅಂಟಿಸಿದ ಕಪ್ಪು ಪ್ಲಾಸ್ಟಿಕ್ ಪಿಕ್‌ಗಾರ್ಡ್ ಕರಿದ ಹಪ್ಪಳದ ಹಾಗೆ ಅಂಚೆಲ್ಲ ಎದ್ದು ನಿಂತಿದೆ. ಆನ್‌ಲೈನ್‌ನಲ್ಲಿ ಒಂದು ತರಿಸಿದೆ, ಆಕಾರವೇ ಹೊಂದಲಿಲ್ಲ. ನಾನೇ ಮಾಡೋಣ ಅಂತಿದ್ದೇನೆ. ನಮ್ಮ ಅವ್ವ ಕಸೂತಿ ಹಾಕುತ್ತಾಳೆ, ಅವಳ ಗೋಪುರದ ಚಿತ್ರ ಅದರ ಮೇಲೆ ಬರಲಿ ಅಂತ ಆಸೆ. ಯಾವ ಪ್ಲಾಸ್ಟಿಕ್, ಎಷ್ಟು ದಪ್ಪ, ಯಾವ ಅಂಟು? ಹಳೆಯದನ್ನು ಹೊಸ ಹಾಳೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ ಆಯ್ತಲ್ವಾ?

ಉತ್ತರ (ವಾದ್ಯ ರಿಪೇರಿ, ಹುಬ್ಬಳ್ಳಿ): ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ ತಮ್ಮಾ. ಆಗೋದಿಲ್ಲ. ಹೆಚ್ಚಿನವರು ಎಡವೋದು ಅಲ್ಲೇ.

ಹಳೆಯ ಪ್ಲಾಸ್ಟಿಕ್ ವರ್ಷ ಕಳೆದಂತೆ ಕುಗ್ಗುತ್ತದೆ. ಅಂಚು ಎದ್ದಿರುವುದೂ ಅದಕ್ಕೇ. ಅಂದರೆ ನಿನ್ನ ಕೈಯಲ್ಲಿರುವ ತುಂಡು ಈಗ ಮೊದಲಿನ ಅಳತೆಯಲ್ಲಿಲ್ಲ. ಇನ್ನೊಂದು ಮಾತು. ಇಷ್ಟು ವರ್ಷ ಬೆಳಕು ಬಿದ್ದು ಸುತ್ತಲಿನ ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಪಿಕ್‌ಗಾರ್ಡ್ ಅಡಿಯ ಕಟ್ಟಿಗೆ ಮಾತ್ರ ಬೆಳ್ಳಗೇ ಉಳಿದಿರುತ್ತದೆ. ಕೈಗಡಿಯಾರ ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಬಿಳಿ ಪಟ್ಟಿ ಕಾಣುತ್ತದಲ್ಲ, ಹಾಗೆ. ನಾನು ಹೊಸದಾಗಿ ಗಿಟಾರ್ ಕೆಲಸ ಹಿಡಿದಾಗ ಒಬ್ಬರಿಗೆ ಹಳೆಯ ತುಂಡಿನ ಅಳತೆಗೇ ಮಾಡಿಕೊಟ್ಟಿದ್ದೆ. ಅಂಟಿಸಿ ನೋಡಿದರೆ ಸುತ್ತಲೂ ಬಿಳಿ ಗೆರೆ, ಸೀರೆಗೆ ಅಂಚು ಕಟ್ಟಿದ ಹಾಗೆ. ಪೂರ್ತಿ ಕಿತ್ತು ಮತ್ತೆ ಮಾಡಿದೆ. ಆ ಕೂಲಿ ಕೇಳಲಿಲ್ಲ.

ಅದಕ್ಕೆ ಅಳೆಯಬೇಕಾದದ್ದು ಹಳೆಯ ತುಂಡನ್ನಲ್ಲ, ಅದು ಬಿಟ್ಟುಹೋದ ಗುರುತನ್ನು. ಮೊದಲು ಹಳೆಯದನ್ನು ತೆಗೆ. ಆ ಬಿಳಿ ಜಾಗದ ಮೇಲೆ ಪಾರದರ್ಶಕ ಹಾಳೆ ಇಟ್ಟು ಮಾರ್ಕರ್‌ನಿಂದ ಗೆರೆ ಎಳೆ. ತೊಳೆದ ಎಕ್ಸ್‌ರೇ ಫಿಲ್ಮ್ ಆದರೂ ನಡೆಯುತ್ತದೆ. ಆ ಗೆರೆಯಿಂದ ಸುತ್ತಲೂ ಒಂದೂವರೆ, ಎರಡು ಮಿ.ಮೀ. ಹೊರಗೆ ಇನ್ನೊಂದು ಗೆರೆ. ಅದೇ ನಿನ್ನ ಹೊಸ ಅಳತೆ. ಸೌಂಡ್‌ಹೋಲ್ ಸುತ್ತಲಿನ ಅಲಂಕಾರದ ಉಂಗುರದ ಕಡೆ ಮಾತ್ರ ಬೆಳೆಸಬೇಡ. ಅಲ್ಲಿ ಕೈವಾರದಿಂದ ಉಂಗುರದ ಬಾಗಿಗೆ ಸರಿಯಾಗಿ ಕಮಾನು ಎಳೆ. ತಂತಿಯ ಬುಡ ಕೂರುವ ಬ್ರಿಡ್ಜ್‌ಗೂ ತಾಗಬಾರದು. ಮೊದಲು ರಟ್ಟಿನಲ್ಲಿ ಕತ್ತರಿಸಿ ಗಿಟಾರಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡು. ಆಕಾರ ಸೊಟ್ಟಗಿದ್ದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ದಪ್ಪ: ಅರ್ಧ ಮಿ.ಮೀ. ಸಾಕು. ಎಟಿಎಂ ಕಾರ್ಡ್ 0.76 ಮಿ.ಮೀ. ಇರುತ್ತದೆ, ಅದಕ್ಕಿಂತ ದಪ್ಪ ಬೇಡ. ಎಲೆಕ್ಟ್ರಿಕ್ ಗಿಟಾರಿನದು ಎರಡು ಮೂರು ಮಿ.ಮೀ. ಇದ್ದು ಸ್ಕ್ರೂ ಹಾಕಿರುತ್ತಾರೆ, ಅದರ ಲೆಕ್ಕ ಬೇರೆ. ಅಕೌಸ್ಟಿಕ್‌ನಲ್ಲಿ ನಾದ ಹುಟ್ಟೋದೇ ಮೇಲಿನ ಹಲಗೆಯಿಂದ. ಅದರ ಮೇಲೆ ಭಾರ ಹೇರಬಾರದು.

ಪ್ರಶ್ನೆ (ಧಾರವಾಡ): ತೆಗೆಯೋದು ಹೇಗೆ ಕಾಕಾ? ಅಂಚು ಹಿಡಿದು ಎಳೆಯಲಾ?

ಉತ್ತರ: ಎಳೆಯಬೇಡಪ್ಪಾ! ಮೇಲಿನ ಹಲಗೆ ಹೆಚ್ಚಾಗಿ ಸ್ಪ್ರೂಸ್, ಮೆತ್ತಗಿನ ಕಟ್ಟಿಗೆ. ಎಳೆದರೆ ಸಿಬಿರು ಎದ್ದು ಬರುತ್ತದೆ.

ತಂತಿ ಸಡಿಲಿಸು. ಬ್ರಿಡ್ಜ್ ಮೇಲೆ ಮಡಚಿದ ಟವೆಲ್ ಹಾಕು, ಯಾಕೆಂದರೆ ಬಿಸಿಗೆ ಅದರ ಅಂಟೂ ಮೆತ್ತಗಾಗುತ್ತದೆ. ಆಮೇಲೆ ಹೇರ್ ಡ್ರೈಯರ್‌ನಿಂದ ಒಂದು ಮೂಲೆಗೆ ಮಾತ್ರ ಶಾಖ ಕೊಡು. ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು, ಕೈ ಹಿಂದಕ್ಕೆ ತೆಗೆಯುವಷ್ಟು ಸುಡಬಾರದು. ಹಲ್ಲಿನ ಸಂದು ಸ್ವಚ್ಛ ಮಾಡುವ ದಾರ ಸಿಗುತ್ತದಲ್ಲ, ಅದನ್ನು ಅಡಿಗೆ ತೂರಿಸಿ ಗರಗಸದ ಹಾಗೆ ಅತ್ತಿತ್ತ ಆಡಿಸುತ್ತ ಮುಂದೆ ಹೋಗು. ಅರ್ಧ ತಾಸು ಹಿಡಿದರೂ ಅವಸರ ಮಾಡಬೇಡ.

ಶಾಖ ಕೊಡುವ ಮೊದಲೇ ಒಂದು ಪರೀಕ್ಷೆ ಮಾಡು. ಪಿಕ್‌ಗಾರ್ಡ್ ಅಂಚನ್ನು ಬೆರಳಿನಿಂದ ಜೋರಾಗಿ ತಿಕ್ಕಿ ಮೂಸಿ ನೋಡು. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಅನ್ನುವ ಹಳೆಯ ಬಗೆಯ ಪ್ಲಾಸ್ಟಿಕ್. ಅದರಲ್ಲಿ ಕರ್ಪೂರ ಬೆರೆಸಿಯೇ ಇರುತ್ತಾರೆ. ಹಳೆಯ ಸಿತಾರಗಳ ಮೇಲಿನ ಬಿಳಿ ಹೂಬಳ್ಳಿಯಲ್ಲೂ ಬಹಳಷ್ಟು ಇದೇ, ನಮಗೆ ಆ ವಾಸನೆ ರೂಢಿ. ಸೆಲ್ಯುಲಾಯ್ಡ್‌ಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಹಾಗಿದ್ದರೆ ಡ್ರೈಯರ್ ಕಡಿಮೆ ಶಾಖದಲ್ಲಿರಲಿ, ಹತ್ತಿರ ದೀಪ, ಊದಿನಕಡ್ಡಿ ಬೇಡ.

ಉಳಿದ ಅಂಟು ತೆಗೆಯಲು ಸಿಗರೇಟ್ ಲೈಟರ್‌ಗೆ ತುಂಬುವ ಪೆಟ್ರೋಲ್ (ಲೈಟರ್ ಫ್ಲುಯಿಡ್, ಗಾಡಿಯದಲ್ಲ) ಬಟ್ಟೆಗೆ ಹಚ್ಚಿ ಒರೆಸು. ಮೊದಲು ಕಾಣದ ಜಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡು. ಇದಕ್ಕೂ ಬೆಂಕಿ ಹತ್ತುತ್ತದೆ, ಕಿಟಕಿ ತೆರೆದಿರಲಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಲೇಬೇಡ, ವಾರ್ನಿಶ್ ಕರಗಿಹೋಗುತ್ತದೆ.

ಪ್ರಶ್ನೆ (ಧಾರವಾಡ, ಎರಡು ದಿನದ ನಂತರ): ತೆಗೆದೆ ಕಾಕಾ. ಕರ್ಪೂರದ ವಾಸನೆ ಬರಲಿಲ್ಲ. ನೀವು ಹೇಳಿದ ಬಿಳಿ ಗುರುತು ಇದೆ, ಹಳೆಯ ತುಂಡು ಇಟ್ಟು ನೋಡಿದರೆ ಒಂದು ಕಡೆ ಎರಡು ಮಿ.ಮೀ. ಕಡಿಮೆ! ಅಡಿಯಲ್ಲಿ ಹೊಳಪು ಹಾಗೇ ಇದೆ. ಆದರೆ ಕಟ್ಟಿಗೆಯ ಎಳೆಗುಂಟ ಒಂದು ಸಣ್ಣ ಗೆರೆ ಕಾಣುತ್ತಿದೆ. ಬಿರುಕಾ?

ಉತ್ತರ: ಹೊಳಪು ಇದೆ ಅಂದರೆ ಗಾರ್ಡ್ ಅಂಟಿದ್ದು ವಾರ್ನಿಶ್ ಮೇಲೆ, ಬರಿ ಕಟ್ಟಿಗೆಗಲ್ಲ. ಅರ್ಧ ಚಿಂತೆ ಕಳೆಯಿತು. ಅಮೆರಿಕದ ಮಾರ್ಟಿನ್ ಕಂಪನಿಯವರು 1980ರ ದಶಕದ ನಡುವಿನವರೆಗೂ ಪಿಕ್‌ಗಾರ್ಡನ್ನು ಬರಿ ಕಟ್ಟಿಗೆಗೇ ಅಂಟಿಸಿ ಮೇಲೆ ಲ್ಯಾಕರ್ ಹೊಡೆಯುತ್ತಿದ್ದರು. ಪ್ಲಾಸ್ಟಿಕ್ ಕುಗ್ಗುವಾಗ ಕಟ್ಟಿಗೆಯನ್ನೂ ಎಳೆದುಕೊಂಡು ಹಲಗೆ ಸೀಳುತ್ತಿತ್ತು. ಆ ಬಿರುಕು ರಿಪೇರಿಯವರಲ್ಲಿ ಎಷ್ಟು ಪರಿಚಿತ ಅಂದರೆ ಅದಕ್ಕೆ ಆ ಕಂಪನಿಯ ಹೆಸರೇ ಅಂಟಿಕೊಂಡಿದೆ.

ನಿನ್ನದು ಬಿರುಕೋ ಗೀರೋ ನೋಡಬೇಕು. ಕೋಣೆ ಕತ್ತಲೆ ಮಾಡು. ಸೌಂಡ್‌ಹೋಲ್ ಒಳಗೆ ಸಣ್ಣ ಟಾರ್ಚ್ ಇಳಿಬಿಡು. ಗೆರೆಯಲ್ಲಿ ಬೆಳಕು ತೂರಿ ಬಂದರೆ ಬಿರುಕು. ಬರದಿದ್ದರೂ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡು. ಒಂದು ಬದಿ ತಗ್ಗಿ ಇನ್ನೊಂದು ಬದಿ ಹಾಗೇ ನಿಂತರೆ ಅದೂ ಬಿರುಕೇ. ಆಗ ಪಿಕ್‌ಗಾರ್ಡ್ ಕೆಲಸ ಅಲ್ಲಿಗೇ ನಿಲ್ಲಿಸಿ ಯಾರಾದರೂ ಕೆಲಸಗಾರರ ಹತ್ತಿರ ಒಯ್ಯಿ. ಮರದ ಅಂಟು ಇಳಿಸಿ, ಒಳಗಿನಿಂದ ತೆಳ್ಳನೆಯ ಕಟ್ಟಿಗೆ ತುಂಡು ಅಡ್ಡ ಹಚ್ಚಬೇಕು. ಫೆವಿಕ್ವಿಕ್ ಸುರಿದು ತಂದವರಿದ್ದಾರೆ. ಅದನ್ನು ತೆಗೆಯೋದರಲ್ಲೇ ನಮ್ಮ ದಿನ ಹೋಗುತ್ತದೆ.

ಪ್ರಶ್ನೆ (ಧಾರವಾಡ): ಬೆಳಕು ಬರಲಿಲ್ಲ, ಒತ್ತಿದರೂ ಅಲುಗಲಿಲ್ಲ. ಗೀರು ಅಷ್ಟೇ! ಈಗ ಹಾಳೆ ಮತ್ತು ಕಸೂತಿ. ಲೇಸರ್‌ನಿಂದ ಕತ್ತರಿಸಿಕೊಡುವ ಅಂಗಡಿಯವರು ಪಿವಿಸಿ ಪ್ಲಾಸ್ಟಿಕ್ ಆದರೆ ತರಲೇಬೇಡ ಅಂದರು.

ಉತ್ತರ: ಸರಿಯಾಗಿಯೇ ಹೇಳಿದ್ದಾರೆ. ಪಿವಿಸಿಗೆ ಲೇಸರ್ ಹಿಡಿದರೆ ಆಮ್ಲದ ಹೊಗೆ ಬರುತ್ತದೆ. ಎದೆಗೂ ಕೆಟ್ಟದ್ದು, ಮಷೀನಿಗೂ ತುಕ್ಕು. ಅಕ್ರಿಲಿಕ್‌ಗೆ ಲೇಸರ್ ಚೆಂದ ಕೂಡುತ್ತದೆ, ಆದರೆ ಬೋರ್ಡಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಎರಡು ಮಿ.ಮೀ. ಮೇಲಿನದು. ನಿನ್ನ ಕೆಲಸಕ್ಕೆ ದಪ್ಪ.

ನಾನಾದರೆ ಲೇಸರ್ ಬಿಟ್ಟು ಕೈಯಿಂದಲೇ ಹೀಗೆ ಮಾಡುತ್ತೇನೆ. ಅರ್ಧ ಮಿ.ಮೀ. ಕಪ್ಪು ಪಿವಿಸಿ ಹಾಳೆ, ಎ4 ಅಳತೆಯದು ಸಾಕು. ಫೈಲ್ ಕವರ್ ಪ್ಲಾಸ್ಟಿಕ್ ಬೇಡ, ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್, ಅಂಟೇ ಹಿಡಿಯೋದಿಲ್ಲ. ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ, ಅಲ್ವಾ? ಹಾಗಾಗಿ ಗ್ರಾಫ್ ಹಾಳೆಗೆ ಇಳಿಸೋದು ಸುಲಭ. ಅವ್ವನ ಕೈಯಲ್ಲೇ ಬರೆಸು. ಅದನ್ನು ಪಿವಿಸಿ ಮೇಲೆ ಟೇಪ್ ಹಚ್ಚಿ ಕೂಡಿಸಿ, ಗವಂತಿ ಹೊಲಿಗೆಯ ನೇರ ಗೆರೆ, ಮುರ್ಗಿ ಹೊಲಿಗೆಯ ಮೆಟ್ಟಿಲು ಗೆರೆ ಎಲ್ಲವನ್ನೂ ಸ್ಕೇಲ್ ಇಟ್ಟು ದಬ್ಬಣದಿಂದ ಕೊರೆ. ಒಂದೇ ಸಲ ಒತ್ತಬೇಡ, ಮೂರ್ನಾಲ್ಕು ಸಲ ಹಗುರಾಗಿ. ಕೊರೆದ ಗೆರೆಗೆ ಬಿಳಿ ಅಕ್ರಿಲಿಕ್ ಬಣ್ಣ ತುಂಬಿ, ಮೇಲಿನದ್ದನ್ನು ಒದ್ದೆ ಬಟ್ಟೆಯಿಂದ ಒರೆಸು. ಬಣ್ಣ ತಗ್ಗಿನಲ್ಲಿ ಕೂತಿರುವುದರಿಂದ ಪಿಕ್ ತಾಗಿದರೂ ಬೇಗ ಹೋಗೋದಿಲ್ಲ. ಮೊದಲು ಚೂರು ಹಾಳೆಯ ಮೇಲೆ ಕೈ ಪಳಗಿಸಿಕೊ.

ಅಂಚನ್ನು ಒಳಕ್ಕೆ ಇಳಿಜಾರಾಗಿ ಕಾನಸು (ಅರ) ಹಾಕಿ, 400, 800, 1200ರ ನೀರಿನ ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ, ಕೊನೆಗೆ ಬ್ರಾಸೊ ಪಾಲಿಶ್ ಹಚ್ಚಿ ತಿಕ್ಕು. ಇದನ್ನು ಬಿಟ್ಟರೆ ಮನೆಯಲ್ಲಿ ಮಾಡಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಅಂಟಿಗೆ 3ಎಂ ಕಂಪನಿಯ 467ಎಂಪಿ ಅನ್ನುವ ತೆಳು ಅಂಟುಹಾಳೆ ಕೇಳು. ಮುಂದೆ ಬೇಕಾದಾಗ ಬಿಸಿ ಮಾಡಿ ತೆಗೆಯಬಹುದು. ಚಪ್ಪಲಿಗೆ ಹಚ್ಚುವಂಥ ರಬ್ಬರ್ ಅಂಟು ವಾರ್ನಿಶ್ ತಿನ್ನುತ್ತದೆ.

ಪ್ರಶ್ನೆ (ಹಾವೇರಿ): ನಡುವೆ ಬಾಯಿ ಹಾಕುತ್ತೇನೆ ರೀ. ನಾನು ಎಡಗೈ. ಮಾಮೂಲಿ ಗಿಟಾರಿಗೆ ತಂತಿ ತಿರುವಿ ಹಾಕಿಕೊಂಡಿದ್ದೇನೆ. ಈಗ ಪಿಕ್ ಬೀಳುವ ಕಡೆ ಗಾರ್ಡೇ ಇಲ್ಲ.

ಉತ್ತರ: ನಿಮಗೆ ಸುಲಭ ರೀ. ಈಗಿರುವ ಗಾರ್ಡಿನ ನಕ್ಷೆ ತೆಗೆದು ಮಗುಚಿ ಹಾಕಿ. ಹಳೆಯದನ್ನು ಕೀಳಬೇಡಿ, ಎರಡೂ ಕಡೆ ಇದ್ದರೆ ಅದೂ ಒಂದು ಚೆಂದ. ಇಷ್ಟವಾಗದಿದ್ದರೆ ಹೊಸದಕ್ಕೆ ಪಾರದರ್ಶಕ ಹಾಳೆ ಬಳಸಿ. ಸ್ಪೇನಿನ ಫ್ಲಮೆಂಕೊ ಸಂಗೀತ ನುಡಿಸುವವರು ಗಿಟಾರಿನ ಮೇಲೆ ಬೆರಳಿನಿಂದ ತಟ್ಟುತ್ತಾರೆ, ಅದಕ್ಕೆ ಅಂಥದ್ದನ್ನೇ ಹಚ್ಚಿರುತ್ತಾರೆ.

ಪ್ರಶ್ನೆ (ಗದಗ, ಬೆಟಗೇರಿ): ನಮ್ಮದು ಪ್ರಿಂಟಿಂಗ್ ಕೆಲಸ. ದಬ್ಬಣ ಹಿಡಿದು ಕೂರುವ ಬದಲು ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಹಿಂಬದಿಗೆ ಕನ್ನಡಿ ಚಿತ್ರ ಪ್ರಿಂಟ್ ಮಾಡಿ, ಅದರ ಮೇಲೆ ಕಪ್ಪು ಹೊಡೆದರೆ ಆಗದಾ? ಪಿಕ್ ಬಣ್ಣಕ್ಕೆ ತಾಗೋದೇ ಇಲ್ಲ.

ಉತ್ತರ: ಆಗುತ್ತದೆ ಅಣ್ಣಾರ, ಒಳ್ಳೆಯ ಉಪಾಯ. ಆದರೆ ಅಂಟು ಹಿಡಿಯೋದು ಹಾಳೆಗಲ್ಲ, ನಿಮ್ಮ ಶಾಯಿಗೆ. ಶಾಯಿ ಪೊರೆ ಬಿಟ್ಟರೆ ಇಡೀ ಗಾರ್ಡ್ ಎದ್ದು ಬರುತ್ತದೆ. ಒಂದು ತುಂಡು ಪ್ರಿಂಟ್ ಮಾಡಿ ಟೇಪ್ ಅಂಟಿಸಿ, ಮರುದಿನ ಎಳೆದು ನೋಡಿ.

ಪ್ರಶ್ನೆ (ಧಾರವಾಡ): ಅಂಟಿಸುವಾಗ ಒಂದೇ ಸಲಕ್ಕೆ ಸರಿಯಾಗಿ ಕೂರಬೇಕಲ್ಲ, ಕೈ ನಡುಗುತ್ತದೆ. ಮತ್ತೆ ಅವ್ವ ಈಗ ಗೋಪುರ ಬೇಡ, ಆನೆ ಮಾಡೋಣ ಅಂತಿದ್ದಾಳೆ.

ಉತ್ತರ: ಒಂದು ಲೋಟ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಗಾರ್ಡಿನ ಅಂಟಿನ ಬದಿಗೆ ತುಸು ಸಿಂಪಡಿಸು. ಆಗ ಅಂಟು ತಕ್ಷಣ ಹಿಡಿಯೋದಿಲ್ಲ, ಜಾರಿಸಿ ಕೂಡಿಸಲು ಸಮಯ ಸಿಗುತ್ತದೆ. ನಡುವಿನಿಂದ ಅಂಚಿಗೆ ಹಳೆಯ ಎಟಿಎಂ ಕಾರ್ಡಿನಿಂದ ನೀರು ಹೊರದೂಡಿ ಒರೆಸು, ಒಂದು ದಿನ ಮುಟ್ಟಬೇಡ. ನಿನ್ನದರಲ್ಲಿ ಹೊಳಪು ಪೂರ್ತಿ ಇರುವುದರಿಂದ ಹೇಳುತ್ತಿದ್ದೇನೆ. ಬರಿ ಕಟ್ಟಿಗೆ ಕಾಣುವ ಗಿಟಾರಿಗೆ ನೀರು ತಾಗಿಸಬಾರದು.

ಆನೆ ಆಗಲಿ. ಆದರೆ ಗೋಪುರಕ್ಕೆ ಎಡ ಬಲ ಒಂದೇ, ಆನೆಗೆ ಮುಖ ಇದೆ. ಪಿಕ್ ಜಾಸ್ತಿ ಬಡಿಯುವುದು ಸೌಂಡ್‌ಹೋಲ್ ಹತ್ತಿರ, ಆದ್ದರಿಂದ ಆನೆ ಕೆಳಗಿನ ಅಗಲ ಜಾಗದಲ್ಲಿರಲಿ. ಮತ್ತೆ ಗಿಟಾರನ್ನು ನುಡಿಸುವ ಹಾಗೆ ಅಡ್ಡ ಹಿಡಿದುಕೊಂಡೇ ರಟ್ಟಿನ ಮೇಲೆ ಗುರುತು ಹಾಕು. ಗೋಡೆಗೆ ನಿಲ್ಲಿಸಿ ಹಾಕಿದರೆ, ನೀನು ನುಡಿಸುವಾಗ ಆನೆ ಮಲಗಿರುತ್ತದೆ.